ಚಕ್ಕಳಮಕ್ಕಳ ಹಾಕುವ ಕಾಲು

ಹೆಜ್ಜೆ ಮುಂದಿಟ್ಟು ಕಾಲು ನೇರವಾಗುವ ಹೊತ್ತಿಗೆ ಮಂಡಿ ‘ಟಕ್’ ಎನ್ನುತ್ತಿತ್ತು.

ಅದು ಸಾಮಾನ್ಯ ಮಂಡಿಯೇನೂ ಅಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಜೈಪುರದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಗಾಗಿ 2008ರಲ್ಲಿ ರೂಪಿಸಲು ತೊಡಗಿದ ಪ್ಲಾಸ್ಟಿಕ್ ಮಂಡಿ. ಮರುವರ್ಷ ‘ಟೈಮ್’ ಪತ್ರಿಕೆ ತನ್ನ 50 ಅತ್ಯುತ್ತಮ ಆವಿಷ್ಕಾರಗಳ ಪಟ್ಟಿಯಲ್ಲಿ ಅದಕ್ಕೆ ಜಾಗ ಕೊಟ್ಟಿತು. ಟೈಟಾನಿಯಂ ಮಂಡಿಗಳಿಗೆ ಸಾವಿರಾರು ಡಾಲರ್ ತೆರಬೇಕಿದ್ದ ಕಾಲದಲ್ಲಿ ಇದರ ಬೆಲೆ 20 ಡಾಲರ್. ಪತ್ರಿಕೆಗಳಿಗೆ ಅಷ್ಟು ಸಾಕಿತ್ತು. ಆದರೆ ಅದನ್ನು ತೊಟ್ಟು ಬೀದಿಗಿಳಿದವರಿಗೆ ಆ ಸದ್ದು ಕಿರಿಕಿರಿ ತಂದಿತು. ಪ್ಯಾಂಟಿನೊಳಗೋ ಸೀರೆಯ ನೆರಿಗೆಯೊಳಗೋ ಮರೆಯಾಗಿದ್ದ ಕೃತಕ ಕಾಲಿನ ಸುದ್ದಿಯನ್ನು ಅದು ಹೆಜ್ಜೆಹೆಜ್ಜೆಗೂ ಸಾರುತ್ತಿತ್ತು.

ಮಂಡಿ ಮುರಿದಿಲ್ಲ, ತೊಟ್ಟವರು ಬಿದ್ದಿಲ್ಲ. ಪ್ರಯೋಗಾಲಯದ ಲೆಕ್ಕದಲ್ಲಿ ಇದು ದೂರೇ ಅಲ್ಲ. ಆದರೂ ಅದನ್ನು ಮತ್ತೆ ವಿನ್ಯಾಸ ಮಾಡಬೇಕಾಯಿತು. ಮೊದಲ ಮಾದರಿಯ ಸುದ್ದಿ ಎಲ್ಲರಿಗೂ ಗೊತ್ತಾಗುತ್ತದೆ. ಎರಡನೆಯ, ಮೂರನೆಯ ಮಾದರಿಗೆ ಪಟ್ಟ ಪಾಡು ಯಾರ ಕಿವಿಗೂ ಬೀಳುವುದಿಲ್ಲ. ಕೃತಕ ಕಾಲಿನ ನಿಜವಾದ ಕತೆ ಇರುವುದೇ ಅಲ್ಲಿ.

ಆ ಕತೆ ಮಂಡಿಗಿಂತ ಮೊದಲು ಪಾದದಿಂದ ಶುರುವಾಗುತ್ತದೆ. 1950ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ‘ಸ್ಯಾಚ್’ ಎಂಬ ಪಾದ ರೂಪುಗೊಂಡಿತ್ತು. ಒಳಗೆ ಗಟ್ಟಿ ಮರದ ತಿರುಳು, ಹಿಮ್ಮಡಿಯಲ್ಲಿ ಮೆತ್ತನೆಯ ರಬ್ಬರು, ಅಲುಗದ ಕಣಕಾಲು. ಬೂಟಿನೊಳಗೆ ಕೂತು ಸಮತಟ್ಟಾದ ನೆಲದ ಮೇಲೆ ನಡೆಯಲು ಒಳ್ಳೆಯ ಪಾದವೇ. ಭಾರತಕ್ಕೂ ಅದು ಬಂತು. ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ಮೂಳೆ ತಜ್ಞ ಡಾ. ಪ್ರಮೋದ್ ಕರಣ್ ಸೇಥಿ ಗಮನಿಸಿದ್ದು ಬೇರೆಯದೇ ಸಂಗತಿ: ಕಾಲು ಹಾಕಿಸಿಕೊಂಡು ಹೋದ ರೋಗಿಗಳು ಮತ್ತೆ ಊರುಗೋಲು ಹಿಡಿದುಕೊಂಡೇ ಆಸ್ಪತ್ರೆಗೆ ಬರುತ್ತಿದ್ದರು. ಹೊಸ ಕಾಲು ಮನೆಯ ಮೂಲೆ ಸೇರಿರುತ್ತಿತ್ತು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಆ ಕಾಲು ಇಟ್ಟುಕೊಂಡು ಕುಕ್ಕುರುಗಾಲಲ್ಲಿ ಕೂರಲಾಗದು, ಹಾಗಾಗಿ ಬಯಲಿಗೆ ಹೋಗುವುದೂ ಕಷ್ಟ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಲಾಗದು. ಬೂಟಿಲ್ಲದೆ ನಡೆಯಲಾಗದು, ಬೂಟು ಹಾಕಿಕೊಂಡು ಅಡುಗೆಮನೆಗೆ, ದೇವಸ್ಥಾನಕ್ಕೆ, ನೀರು ನಿಂತ ಗದ್ದೆಗೆ ಇಳಿಯಲಾಗದು. ಕುರ್ಚಿಯಿಂದ ಕುರ್ಚಿಗೆ ಬದುಕುವ ಜನರಿಗಾಗಿ ಮಾಡಿದ್ದ ಪಾದವನ್ನು ನೆಲದ ಮೇಲೆ ಬದುಕುವ ಜನರಿಗೆ ತೊಡಿಸಿದರೆ ಇನ್ನೇನಾದೀತು?

ಉತ್ತರ ಹುಡುಕಿದ್ದು ಸೇಥಿ ಒಬ್ಬರೇ ಅಲ್ಲ. ಅದೇ ಆಸ್ಪತ್ರೆಯಲ್ಲಿದ್ದ ಕುಶಲಕರ್ಮಿ ರಾಮಚಂದ್ರ ಶರ್ಮಾ, ಎಲ್ಲರ ಬಾಯಲ್ಲಿ ‘ಮಾಸ್ಟರ್‌ಜಿ’, ಶಾಲೆ ಕಲಿತದ್ದು ನಾಲ್ಕನೇ ತರಗತಿಯವರೆಗೆ. ಎಡಿನ್‌ಬರೊದಿಂದ ಎಫ್‌ಆರ್‌ಸಿಎಸ್ ಪಡೆದ ವೈದ್ಯ ಮತ್ತು ಕೈಕಸುಬಿನ ಮಾಸ್ಟರ್‌ಜಿ ಸೇರಿ 1968ರ ಹೊತ್ತಿಗೆ ರಬ್ಬರಿನ ಪಾದವೊಂದನ್ನು ಹೊರತಂದರು. ಟೈರಿಗೆ ಹೊಸ ರಬ್ಬರು ಕೂರಿಸುವ ಅಂಗಡಿಯನ್ನು ಕಂಡು ಮಾಸ್ಟರ್‌ಜಿಗೆ ಈ ಉಪಾಯ ಹೊಳೆಯಿತು ಎಂಬ ಕತೆ ಪ್ರಚಲಿತದಲ್ಲಿದೆ. ಕತೆಗೆ ಉಪ್ಪುಖಾರ ಸೇರಿದ್ದರೂ ಇರಬಹುದು. ಆದರೆ ಪಾದ ಮಾಡುವ ವಿಧಾನ ನೋಡಿದರೆ ಟೈರಿನ ಕಸುಬು ಅದರೊಳಗಿರುವುದು ಎದ್ದು ಕಾಣುತ್ತದೆ.

ಮೊದಲು ಮೂರು ತುಂಡುಗಳು. ಹಿಮ್ಮಡಿಗೊಂದು, ಮುಂಪಾದಕ್ಕೊಂದು ಮೃದುವಾದ ರಬ್ಬರಿನ ತುಂಡು. ಕಣಕಾಲು ಬರುವೆಡೆ ಬೋಲ್ಟು ಹಿಡಿಸಿದ ಮರದ ತುಂಡು. ಈ ಮೂರನ್ನೂ ಹಸಿ ರಬ್ಬರಿನ ಹಾಳೆಗಳಿಂದ, ಟೈರಿನೊಳಗಿರುವಂಥ ನೈಲಾನ್ ದಾರದ ಪಟ್ಟಿಗಳಿಂದ ಸುತ್ತಬೇಕು. ಅಂಗಾಲಿಗೆ ಸವೆತ ತಡೆಯುವ ಗಟ್ಟಿ ರಬ್ಬರು, ಮೇಲೆಲ್ಲ ಚರ್ಮದ ಬಣ್ಣದ ರಬ್ಬರು. ಬೆರಳುಗಳ ಜಾಗಕ್ಕೆ ಬೇರೆಯೇ ಚೂರುಗಳು. ಇದನ್ನೆಲ್ಲ ಲೋಹದ ಅಚ್ಚಿನೊಳಗಿಟ್ಟು ಬಿಗಿದು ಬೇಯಿಸಿದರೆ ಪದರಗಳು ಒಂದಕ್ಕೊಂದು ಬೆಸೆದುಕೊಂಡು ಪಾದವಾಗಿ ಹೊರಬರುತ್ತವೆ. ಗಟ್ಟಿ ತಿರುಳು ಉದ್ದಕ್ಕೂ ಇಲ್ಲವಾದ್ದರಿಂದ ಪಾದ ಮೇಲಕ್ಕೆ ಬಾಗುತ್ತದೆ, ಪಕ್ಕಕ್ಕೆ ಹೊರಳುತ್ತದೆ, ಸ್ವಲ್ಪ ತಿರುಚಿಕೊಳ್ಳುತ್ತದೆ. ಕುಕ್ಕುರುಗಾಲಿಗೆ ಮೊದಲ ಗುಣ ಬೇಕು, ಉತ್ತ ಹೊಲಕ್ಕೆ ಎರಡನೆಯದು, ಚಕ್ಕಳಮಕ್ಕಳಕ್ಕೆ ಮೂರನೆಯದು. ಬರಿಗಾಲಲ್ಲೂ ನಡೆಯಬಹುದು, ನೆನೆದರೂ ಕೆಡುವುದಿಲ್ಲ.

ಸೇಥಿ ಇದಕ್ಕೆ ಪೇಟೆಂಟ್ ಮಾಡಿಸಲಿಲ್ಲ. 1981ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದೇ ವರ್ಷ ಅಪಘಾತದಲ್ಲಿ ಕಾಲು ಕಳೆದುಕೊಂಡ ನೃತ್ಯಗಾತಿ ಸುಧಾ ಚಂದ್ರನ್ ಮುಂದೆ ಜೈಪುರದ ಕಾಲು ತೊಟ್ಟು ಮತ್ತೆ ವೇದಿಕೆ ಹತ್ತಿದ್ದು, ಅವರ ಬದುಕೇ ‘ಮಯೂರಿ’ ಎಂಬ ತೆಲುಗು ಸಿನಿಮಾ ಆದದ್ದು ಹಳೆಯ ತಲೆಮಾರಿನವರಿಗೆ ನೆನಪಿದ್ದೀತು. ಮಾಸ್ಟರ್‌ಜಿಯ ಹೆಸರು ಅಷ್ಟು ದೂರ ಹೋಗಲಿಲ್ಲ. ಪ್ರಶಸ್ತಿಗಳು ಸಾಮಾನ್ಯವಾಗಿ ಕೋಟು ತೊಟ್ಟವರನ್ನೇ ಹುಡುಕಿಕೊಂಡು ಬರುತ್ತವೆ.

ಪಾದದ ಮೇಲಿನ ಕಾಲು ಮೊದಮೊದಲು ಅಲ್ಯುಮಿನಿಯಂ ತಗಡಿನದು; ಪಾತ್ರೆ ಬಡಿಯುವ ಕೈಗಳೇ ಅದನ್ನು ತಟ್ಟಿ ರೂಪಿಸುತ್ತಿದ್ದವು. ಆಮೇಲೆ ಅದರ ಜಾಗಕ್ಕೆ ಬಂದದ್ದು ಹೊಲಕ್ಕೆ ನೀರು ಹಾಯಿಸುವ ಎಚ್‌ಡಿಪಿಇ ಪೈಪು. ಉಳಿದ ಕಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಳತೆ ತೆಗೆಯುತ್ತಾರೆ. ಆ ಪೊಳ್ಳಿಗೆ ಪ್ಲಾಸ್ಟರ್ ಸುರಿದು ಕಾಲಿನ ಪ್ರತಿರೂಪ ಮಾಡುತ್ತಾರೆ. ಒಲೆಯಲ್ಲಿ ಕಾಯಿಸಿ ಮೆತ್ತಗಾದ ಪೈಪನ್ನು ಅದರ ಮೇಲೆ ಎಳೆದು ಕೂರಿಸಿದರೆ ತಣಿಯುವಷ್ಟರಲ್ಲಿ ಸಾಕೆಟ್ ಸಿದ್ಧ. ಬಸ್ಸಿಳಿದು ಬಂದವರು ಬಹುಪಾಲು ಒಂದೆರಡು ದಿನದಲ್ಲಿ ನಡೆದುಕೊಂಡು ಊರಿಗೆ ಹೊರಡುವುದು ಈ ಪೈಪಿನ ದೆಸೆಯಿಂದ. 1975ರಲ್ಲಿ ಡಿ.ಆರ್. ಮೆಹ್ತಾ ಕಟ್ಟಿದ ಮಹಾವೀರ ಸಮಿತಿ ಇದನ್ನು ಉಚಿತವಾಗಿ ಕೊಡುತ್ತ ಬಂದಿದೆ. ನೆಲಬಾಂಬಿಗೆ ಕಾಲು ತೆತ್ತ ಅಫ್ಘಾನಿಸ್ತಾನದಂಥ ದೇಶಗಳಿಗೂ ಜೈಪುರದ ಪಾದ ಹೋಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಅದು ಬರೀ ಹೊಗಳಿಕೆಯಾದೀತು. ಕೈಯಲ್ಲಿ ಪದರ ಪದರವಾಗಿ ಸುತ್ತಿ ಮಾಡಿದ ಪಾದದ ಗುಣ ಸುತ್ತಿದ ಕೈಯನ್ನೇ ಅವಲಂಬಿಸುತ್ತದೆ. ಒಂದು ಕಾರ್ಯಾಗಾರದ ಪಾದ ವರ್ಷಗಟ್ಟಲೆ ಬಾಳಿದರೆ ಇನ್ನೊಂದರದು ಬೇಗನೆ ಬಿರುಕು ಬಿಡಬಹುದು. ಪಾದ ಭಾರವೂ ಹೌದು. ಸಾಕೆಟ್ ಹೊಂದಿಕೆ ಮತ್ತು ಕಾಲಿನ ಜೋಡಣೆಯ ಬಗ್ಗೆ ವೃತ್ತಿನಿರತ ತಜ್ಞರ ನಿಯತಕಾಲಿಕಗಳಲ್ಲಿ ಕಟುವಾದ ಟೀಕೆಗಳೂ ಬಂದವು, ಅದರಲ್ಲೂ ಮಂಡಿಯ ಮೇಲೆ ಕಾಲು ಕಳೆದುಕೊಂಡವರ ವಿಷಯದಲ್ಲಿ. ಬಡವರಿಗೆ ಬೇಗ ಕೊಟ್ಟೆವಲ್ಲ ಎಂಬುದು ಎಲ್ಲ ಆಕ್ಷೇಪಕ್ಕೂ ಉತ್ತರವಾಗುವುದಿಲ್ಲ. ಒಂದೇ ತೂಕದ, ಒಂದೇ ಗುಣದ ಪಾದ ಅಚ್ಚಿನಿಂದ ಸಾಲಾಗಿ ಬರಬೇಕೆಂಬ ಉದ್ದೇಶದಿಂದಲೇ ಇಸ್ರೊ ತನ್ನ ಪಾಲಿಯುರೆಥೇನ್ ತಂತ್ರಜ್ಞಾನವನ್ನು ಜೈಪುರಕ್ಕೆ ವರ್ಗಾಯಿಸಿತು. ದ್ರವ ಸುರಿದರೆ ಅಚ್ಚಿನೊಳಗೇ ನೊರೆಯೆದ್ದು ಗಟ್ಟಿಯಾಗುವ ವಸ್ತು ಅದು. ಸುತ್ತುವ ಕೆಲಸವಿಲ್ಲ, ಪಾದವೂ ಹಗುರ.

ಮಂಡಿಯ ಕೆಳಗೆ ಕಾಲು ಹೋದವರಿಗೆ ಪಾದ ಒಳ್ಳೆಯದಿದ್ದರೆ ಅರ್ಧ ಗೆದ್ದಂತೆ. ಸ್ವಂತ ಮಂಡಿ ಇರುತ್ತದೆ. ಮಂಡಿಯೇ ಹೋದವರ ಪಾಡು ಬೇರೆ. ಅಗ್ಗದ ಮಂಡಿಗೆ ಇರುವುದು ಒಂದೇ ಅಚ್ಚು. ಬಾಗಿಲ ತಿರುಗಣಿಯಂತೆ ಒಂದೇ ಬಿಂದುವಿನ ಸುತ್ತ ಮಡಚುತ್ತದೆ. ದೇಹದ ಭಾರ ಆ ಬಿಂದುವಿನ ಹಿಂದಕ್ಕೆ ಒಂದಿಷ್ಟು ಸರಿದರೂ ಮಂಡಿ ಕುಸಿಯುತ್ತದೆ. ಕುಸಿಯದಿರಲಿ ಎಂದು ತೊಟ್ಟವರು ಸೊಂಟದ ಬಲದಿಂದ ತೊಡೆಯನ್ನು ಹಿಂದಕ್ಕೆ ಒತ್ತಿಹಿಡಿದೇ ಪ್ರತಿ ಹೆಜ್ಜೆಯನ್ನೂ ಇಡಬೇಕು. ಇಳಿಜಾರು, ಹಳ್ಳ ಬಿದ್ದ ರಸ್ತೆ ಎಂದರೆ ಎದೆ ಡವಗುಟ್ಟುತ್ತದೆ. ಇದಕ್ಕೆ ಅಂಜಿ ಕೆಲವರು ಮಂಡಿಯನ್ನು ಬೀಗ ಹಾಕಿಟ್ಟು, ಕಾಲನ್ನು ಕೋಲಿನ ಹಾಗೆ ಪಕ್ಕಕ್ಕೆ ಬೀಸುತ್ತ ನಡೆಯುತ್ತಾರೆ.

ಹಾಗೆ ನೋಡಿದರೆ ಪರಿಹಾರ ಹೊಸದಲ್ಲ. ಸ್ಯಾಚ್ ಪಾದದ ಹಿಂದಿದ್ದ ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ರ‍್ಯಾಡ್‌ಕ್ಲಿಫ್ ಅವರೇ ನಾಲ್ಕು ಕೊಂಡಿಗಳ ಮಂಡಿಯ ಲೆಕ್ಕಾಚಾರವನ್ನೂ ವಿವರವಾಗಿ ಬಿಡಿಸಿಟ್ಟಿದ್ದರು. ಮೇಲಿನ ತುಂಡು, ಕೆಳಗಿನ ತುಂಡು, ಇವೆರಡನ್ನು ಜೋಡಿಸುವ ಮುಂದಿನ ಕೊಂಡಿ, ಹಿಂದಿನ ಕೊಂಡಿ. ಇಂಥ ಮಂಡಿಗೆ ತಿರುಗುವ ಬಿಂದು ಒಂದೇ ಕಡೆ ನಿಲ್ಲುವುದಿಲ್ಲ. ಕಾಲು ನೇರ ಇರುವಾಗ ಅದು ಮಂಡಿಗಿಂತ ಮೇಲೆ, ಹಿಂದೆ ಎಲ್ಲೋ ಬರಿಗಾಳಿಯಲ್ಲಿರುತ್ತದೆ. ದೇಹದ ಭಾರ ಅದರ ಮುಂದಿನಿಂದ ಹಾಯುವುದರಿಂದ ಮಂಡಿ ತಾನಾಗಿ ಬಿಗಿದುಕೊಳ್ಳುತ್ತದೆ. ಮಡಚಲು ಹೊರಟಾಗ ಬಿಂದು ಕೆಳಗಿಳಿದು ಸಲೀಸಾಗಿ ಬಿಟ್ಟುಕೊಡುತ್ತದೆ. ಜೊತೆಗೊಂದು ಬೋನಸ್ಸು: ಮಡಚುವಾಗ ಕಾಲಿನ ಉದ್ದ ತುಸು ಕಡಿಮೆಯಾಗುವುದರಿಂದ ಬೆರಳ ತುದಿ ನೆಲಕ್ಕೆ ತಗಲದೆ ಮುಂದೆ ಸಾಗುತ್ತದೆ. ಎಡವುವುದು ತಪ್ಪುತ್ತದೆ.

ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿಗಳು ಮಾಡಿದ್ದು ಈ ಹಳೆಯ ಜ್ಞಾನವನ್ನು ಜೈಪುರದ ಕಾರ್ಯಾಗಾರದಲ್ಲಿ ಆಗುವಂಥ ವಸ್ತುವಿಗೆ ಇಳಿಸುವ ಕೆಲಸ. ಜಮೈಕಾದ ಜೋಯಲ್ ಸ್ಯಾಡ್ಲರ್ ಆ ತಂಡದಲ್ಲಿದ್ದವರು. ಅವರು ಆರಿಸಿಕೊಂಡದ್ದು ಎಣ್ಣೆ ಬೆರೆಸಿದ ನೈಲಾನು. ಅದು ಉಜ್ಜಿದಷ್ಟೂ ತನ್ನನ್ನು ತಾನೇ ನಯವಾಗಿಸಿಕೊಳ್ಳುವುದರಿಂದ ಬೇರಿಂಗು ಬೇಡ, ಗ್ರೀಸು ಬೇಡ. ಪ್ಲಾಸ್ಟಿಕ್ಕಿನ ಕೆಲವೇ ತುಂಡುಗಳು, ಅಂಗಡಿಯಲ್ಲಿ ಸಿಗುವ ನಟ್ಟು ಬೋಲ್ಟು. ನೈಲಾನಿನ ದಿಮ್ಮಿ ತಂದು ಕೊರೆದು ಕತ್ತರಿಸಿದರೆ ಮಂಡಿ.

ಕತ್ತರಿಸುವ ದಾರಿ ಆರಂಭಕ್ಕೆ ಒಳ್ಳೆಯದು. ಇವತ್ತು ದೂರು ಬಂದರೆ ನಾಳೆ ತೂತಿನ ಜಾಗ ಬದಲಿಸಬಹುದು. ಆದರೆ ಸಾವಿರಗಟ್ಟಲೆ ಬೇಕಾದಾಗ ಇದೇ ಕೊರಳಿಗೆ ಸುತ್ತಿಕೊಳ್ಳುತ್ತದೆ. ದಿಮ್ಮಿಯ ದೊಡ್ಡ ಪಾಲು ಚೂರಾಗಿ ಕಸದ ಬುಟ್ಟಿಗೆ ಹೋಗುತ್ತದೆ, ಒಂದೊಂದು ತುಂಡಿಗೂ ಯಂತ್ರದ ಮುಂದೆ ಒಬ್ಬರು ನಿಲ್ಲಬೇಕು, ಕೊರೆಯುವ ಅಲಗು ಸವೆದಂತೆ ತೂತಿನ ಅಳತೆ ಬದಲಾಗುತ್ತದೆ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಮಂಡಿ ಗಡಗಡ ಅನ್ನುತ್ತದೆ. ದಿಮ್ಮಿಯಿಂದ ಕತ್ತರಿಸಿದ ವಸ್ತುವಿಗೆ ಚೌಕಟ್ಟಾದ ಆಕಾರ ಬೇರೆ. ಬಟ್ಟೆಯ ಮೇಲೆ ಮೂಲೆಗಳು ಎದ್ದು ಕಾಣುತ್ತವೆ.

ಸ್ಯಾನ್‌ಫ್ರಾನ್ಸಿಸ್ಕೊದ ‘ಡಿ-ರೆವ್’ ಎಂಬ ಲಾಭರಹಿತ ಸಂಸ್ಥೆ ಈ ಮಂಡಿಯನ್ನು ಕೈಗೆತ್ತಿಕೊಂಡು ‘ರಿಮೋಷನ್’ ಎಂಬ ಹೆಸರಿನಲ್ಲಿ ಮತ್ತೆ ರೂಪಿಸಿತು. ಈ ಸಲದ ಗುರಿ ಇಂಜೆಕ್ಷನ್ ಮೋಲ್ಡಿಂಗ್. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬುವ ಈ ವಿಧಾನ ಬಕೆಟ್ಟಿನಿಂದ ಕಾರಿನ ಬಿಡಿಭಾಗದವರೆಗೆ ಎಲ್ಲವನ್ನೂ ಮಾಡುತ್ತದೆ. ಅಚ್ಚಿಗೆ ಲಕ್ಷಗಟ್ಟಲೆ ಬೀಳುತ್ತದೆ. ಆಮೇಲೆ ಒಂದೊಂದು ತುಂಡಿಗೆ ತಗಲುವುದು ಅತ್ಯಲ್ಪ. ಆದರೆ ಅಚ್ಚಿಗೆ ಅದರದೇ ಹಟಗಳಿವೆ. ಗೋಡೆಯ ದಪ್ಪ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಇರಬೇಕು. ದಪ್ಪವಿದ್ದಲ್ಲಿ ಪ್ಲಾಸ್ಟಿಕ್ ತಣಿಯುವಾಗ ಒಳಕ್ಕೆ ಕುಗ್ಗಿ ಗುಳಿ ಬೀಳುತ್ತದೆ. ಹಾಗಾಗಿ ಘನವಾದ ದಿಮ್ಮಿಯ ಬದಲು ಒಳಗೆ ಪೊಳ್ಳು, ಬಲಕ್ಕೆ ಅಡ್ಡಪಟ್ಟಿಗಳು. ತುಂಡು ಅಚ್ಚಿನಿಂದ ಕಳಚಿಕೊಳ್ಳಲು ಪಕ್ಕಗಳು ತುಸು ಓರೆಯಾಗಿರಬೇಕು. ಇವೆಲ್ಲ ಕಾರ್ಖಾನೆಯ ಅಗತ್ಯಗಳೇ. ಆದರೂ ಚೂಪು ಮೂಲೆಗಳು ಹೋಗಿ ಮಂಡಿಗೆ ದುಂಡನೆಯ ರೂಪ ಬಂದದ್ದರಿಂದ ತೊಡುವವರಿಗೂ ಲಾಭವಾಯಿತು. ಕಾಲು ನೇರವಾಗುವಾಗ ಬಡಿಯುವ ಜಾಗಕ್ಕೆ ಸದ್ದು ನುಂಗುವ ಮೆತ್ತೆ ಬಂತು, ಟಕ್ ಎನ್ನುವುದು ತಗ್ಗಿತು. ಬೆಲೆ ಸುಮಾರು 80 ಡಾಲರಿಗೇರಿತು. ಪತ್ರಿಕೆ ಹಾಡಿಹೊಗಳಿದ ಬೆಲೆಯ ನಾಲ್ಕು ಪಟ್ಟು! ಅಗ್ಗವೆಂಬುದು ಪ್ರಯೋಗಾಲಯದಲ್ಲಿ ಒಂದು, ಪರೀಕ್ಷೆ, ಅಚ್ಚು, ಪ್ಯಾಕಿಂಗು, ಸಾಗಣೆ ಎಲ್ಲ ಸೇರಿದ ಮೇಲೆ ಇನ್ನೊಂದು. ಹಾಗಂತ ಇದೇನೂ ದುಬಾರಿಯಲ್ಲ. ಮೊದಲ ಬೆಲೆಯೇ ಪೂರ್ತಿ ಲೆಕ್ಕವಾಗಿರಲಿಲ್ಲ, ಅಷ್ಟೆ.

ಕೃತಕ ಮಂಡಿಯ ಕತೆಗೆ ಬೆಂಗಳೂರಿನ ನಂಟೂ ಇದೆ, ಆದರೆ ಅದು ಬೇರೊಂದು ಮಂಡಿಯ ಮೂಲಕ. ಜೆ.ಪಿ. ನಗರದಲ್ಲಿರುವ ‘ಮೊಬಿಲಿಟಿ ಇಂಡಿಯಾ’ 1994ರಿಂದ ಕೃತಕ ಅವಯವ ಜೋಡಿಸುವುದರ ಜೊತೆಗೆ ಆ ವಿದ್ಯೆಯನ್ನೂ ಕಲಿಸುತ್ತ ಬಂದಿದೆ. ಮದ್ರಾಸ್ ಐಐಟಿಯಲ್ಲಿ ಪ್ರೊ. ಸುಜಾತಾ ಶ್ರೀನಿವಾಸನ್ ನಡೆಸುವ ಟಿಟಿಕೆ ಕೇಂದ್ರ ‘ಕದಂ’ ಎಂಬ ಮಂಡಿ ರೂಪಿಸಿದಾಗ, ಸೊಸೈಟಿ ಫಾರ್ ಬಯೋಮೆಡಿಕಲ್ ಟೆಕ್ನಾಲಜಿಯ ಜೊತೆ ಕೈಜೋಡಿಸಿದ್ದು ಇದೇ ಮೊಬಿಲಿಟಿ ಇಂಡಿಯಾ. 2022ರಲ್ಲಿ ಕದಂ ಬಿಡುಗಡೆಯಾಯಿತು.

ಇದೂ ತಿರುಗುವ ಬಿಂದು ಒಂದೇ ಕಡೆ ನಿಲ್ಲದ ಮಂಡಿಯೇ. ಆದರೆ ಇಲ್ಲಿ ಪ್ಲಾಸ್ಟಿಕ್ ದಿಮ್ಮಿಯಿಲ್ಲ. ಮೈ ಸ್ಟೇನ್‌ಲೆಸ್ ಸ್ಟೀಲು ಮತ್ತು ಅಲ್ಯುಮಿನಿಯಂ ಮಿಶ್ರಲೋಹದ್ದು. ಕೀಲಿನ ಪಿನ್ನುಗಳು ಕ್ರೋಮ್ ಲೇಪಿಸಿದ ಇಎನ್-8 ಉಕ್ಕಿನವು. ಅವು ಕೂರುವುದು ಪಾಲಿಮರ್ ಬುಷ್‌ಗಳಲ್ಲಿ. ಈ ಆಯ್ಕೆಯನ್ನು ಒಮ್ಮೆ ನಿಂತು ನೋಡಬೇಕು. ಇಎನ್-8 ಎಂದರೆ ಪೀಣ್ಯದ ಯಾವ ಲೇತ್ ಅಂಗಡಿಯವರಿಗೂ ಗೊತ್ತಿರುವ ಉಕ್ಕು. ಶಾಫ್ಟು, ಪಿನ್ನು ಮಾಡಲು ದಿನಾ ಬಳಸುವಂಥದ್ದು. ಅದಕ್ಕೆ ಕ್ರೋಮ್ ಹಾಕಿದರೆ ಮೇಲ್ಮೈ ಗಡುಸಾಗುತ್ತದೆ, ತುಕ್ಕೂ ದೂರ. ಸವೆಯುವ ಪಾಳಿ ಅಗ್ಗದ ಬುಷ್‌ನದು. ಬುಷ್ ಸವೆದರೆ ಬುಷ್ ಬದಲಿಸಿದರಾಯಿತು, ಮಂಡಿಯನ್ನೇ ಎಸೆಯಬೇಕಿಲ್ಲ.

ಕೃತಕ ಕಾಲುಗಳ ಗಟ್ಟಿತನಕ್ಕೆ ಐಎಸ್‌ಒ 10328 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಯಂತ್ರವೊಂದು ಮಂಡಿಯ ಮೇಲೆ ಹೆಜ್ಜೆಯ ಭಾರವನ್ನು ಹಾಕಿ ತೆಗೆದು, ಹಾಕಿ ತೆಗೆದು, 30 ಲಕ್ಷ ಸಲ ಹಿಂಸಿಸುತ್ತದೆ. ಕದಂ ಈ ಪರೀಕ್ಷೆಯಲ್ಲಿ ಪಾಸಾಗಿದೆ. ಇನ್ನೊಂದು ಅಂಕಿ ಇದಕ್ಕಿಂತ ಕುತೂಹಲದ್ದು: ಈ ಮಂಡಿ 160 ಡಿಗ್ರಿಯವರೆಗೆ ಮಡಚುತ್ತದೆ. ಕುರ್ಚಿಯಲ್ಲಿ ಕೂರಲು 90 ಸಾಕು. ಕುಕ್ಕುರುಗಾಲಿಗೆ 130ನ್ನೂ ದಾಟಬೇಕು. ಕಿಕ್ಕಿರಿದ ಸಿಟಿ ಬಸ್ಸಿನ ಸೀಟಿನಲ್ಲಿ, ಷೇರ್ ಆಟೊದಲ್ಲಿ ಮುಂದಿನವರ ಬೆನ್ನಿಗೆ ತಾಗದಂತೆ ಕಾಲು ಎಳೆದುಕೊಳ್ಳಬೇಕೆಂದರೆ ಮಂಡಿ ಕುರ್ಚಿಯ ಲೆಕ್ಕವನ್ನು ಮೀರಿ ಮಡಚಲೇಬೇಕು. ವಿನ್ಯಾಸಕರ ಮುಂದೆ ಬಸ್ಸು, ಆಟೊಗಳ ಚಿತ್ರವಿದ್ದದ್ದು ಸುಳ್ಳಲ್ಲ. ಬಿಡುಗಡೆಯ ಹೊತ್ತಿನಲ್ಲಿ ಅವರೇ ಇದನ್ನು ಎತ್ತಿ ಹೇಳಿದ್ದರು.

ಹಾಗಾದರೆ ಚಕ್ಕಳಮಕ್ಕಳ? ಅದಕ್ಕೆ ಮಡಚುವುದಷ್ಟೇ ಸಾಲದು, ಕಾಲು ಒಳಕ್ಕೆ ತಿರುಗಲೂ ಬೇಕು. ಸ್ವಂತ ಮಂಡಿಯಿರುವವರಿಗೆ ಜೈಪುರದ ಪಾದದ ತಿರುಚುವಿಕೆ ನೆರವಾಗುತ್ತದೆ. ಮಂಡಿಯ ಮೇಲೆ ಕಾಲು ಕಳೆದುಕೊಂಡವರಿಗೆ ಸಾಕೆಟ್ಟಿಗೂ ಮಂಡಿಗೂ ನಡುವೆ ತಿರುಗುವ ತಟ್ಟೆಯೊಂದನ್ನು ಕೂರಿಸಬೇಕು. ಗುಂಡಿ ಒತ್ತಿದರೆ ಇಡೀ ಕೆಳಗಾಲು ಪಕ್ಕಕ್ಕೆ ತಿರುಗುತ್ತದೆ. ಎದ್ದು ನಿಂತಾಗ ಮತ್ತೆ ಬೀಗ ಬೀಳುತ್ತದೆ. ಸಣ್ಣ ವಸ್ತು. ಆದರೆ ಕಾಲಿಗೆ ಇನ್ನಷ್ಟು ಉದ್ದ, ಇನ್ನಷ್ಟು ತೂಕ, ಬಿಲ್ಲಿಗೆ ಇನ್ನೊಂದು ಸಾಲು. ನೆಲದ ಮೇಲೆ ಊಟಕ್ಕೆ ಕೂರುವ ದೇಶದಲ್ಲಿ ಇದು ಈಗಲೂ ‘ಬೇಕಿದ್ದರೆ ಹಾಕಿಸಿಕೊಳ್ಳಿ’ ಎನ್ನುವ ಪಟ್ಟಿಯಲ್ಲಿರುವುದು ವಿಚಿತ್ರ.

ಇನ್ನೊಂದು ತುದಿಯಲ್ಲಿ ಕಂಪ್ಯೂಟರ್ ಮಂಡಿಗಳಿವೆ. ಸೆನ್ಸರುಗಳು ನಡಿಗೆಯನ್ನು ಓದಿ, ಮೈಕ್ರೊಪ್ರೊಸೆಸರ್ ಆ ಕ್ಷಣಕ್ಕೆ ಎಷ್ಟು ಬಿಗಿ ಬೇಕೋ ಅಷ್ಟು ಬಿಗಿ ಕೊಡುತ್ತದೆ. 2022ರಲ್ಲಿ ಇಸ್ರೊ ತನ್ನದೇ ಇಂಥ ಮಂಡಿಯನ್ನು ಪ್ರಕಟಿಸಿತು. ತೂಕ ಸುಮಾರು 1.6 ಕೆ.ಜಿ. ಅದನ್ನು ತೊಟ್ಟವರು ಕಾರಿಡಾರಿನಲ್ಲಿ ಸುಮಾರು 100 ಮೀಟರ್ ನಡೆದರು. ಹೊರದೇಶದ ಮಂಡಿಗಳಿಗೆ 10ರಿಂದ 60 ಲಕ್ಷ ರೂಪಾಯಿ, ಇದಕ್ಕೆ 4ರಿಂದ 5 ಲಕ್ಷ ಆಗಬಹುದು ಎಂಬ ಅಂದಾಜನ್ನೂ ಇಸ್ರೊ ಕೊಟ್ಟಿತ್ತು. ಇಂಥ ಮಂಡಿಗೆ ರಾತ್ರಿ ಚಾರ್ಜು ಬೇಕು, ನೀರಿನ ಬಗ್ಗೆ ಎಚ್ಚರ ಬೇಕು. ಕಾರಿಡಾರಿನ 100 ಮೀಟರಿಗೂ ಮಳೆಗಾಲದ ಹೊಲದ ಬದುವಿಗೂ ನಡುವಿನ ದೂರ ದೊಡ್ಡದು. ಅದನ್ನು ದಾಟಲು ಈ ಮಂಡಿಗೂ ಎರಡನೆಯ, ಮೂರನೆಯ ಮಾದರಿಗಳು ಬೇಕಾದಾವು.

ಇಷ್ಟೆಲ್ಲ ಹೇಳಿದ ಮೇಲೂ, ಕೃತಕ ಕಾಲು ತೊಡುವವರನ್ನು ಕೇಳಿದರೆ ಅವರು ಬಹುತೇಕ ಮಾತಾಡುವುದು ಮಂಡಿಯ ಬಗ್ಗೆಯೂ ಅಲ್ಲ, ಪಾದದ ಬಗ್ಗೆಯೂ ಅಲ್ಲ, ಸಾಕೆಟ್ ಬಗ್ಗೆ. ಬೇಸಿಗೆಯಲ್ಲಿ ಒಳಗೆ ಬೆವರು, ಉಜ್ಜಿ ಉಜ್ಜಿ ಗುಳ್ಳೆ. ಬೆಳಿಗ್ಗೆ ಬಿಗಿಯಾಗಿ ಕೂತ ಸಾಕೆಟ್ ಸಂಜೆಗೆ ಸಡಿಲ, ಏಕೆಂದರೆ ಉಳಿದ ಕಾಲಿನ ಗಾತ್ರ ದಿನದುದ್ದಕ್ಕೂ ಬದಲಾಗುತ್ತದೆ. ಸಡಿಲವಾದರೆ ಕಾಲುಚೀಲದ ಮೇಲೊಂದು ಕಾಲುಚೀಲ ಏರಿಸಿಕೊಳ್ಳುತ್ತಾರೆ. ಮಂಡಿ, ಪಾದಗಳನ್ನು ಸಾವಿರಗಟ್ಟಲೆ ಅಚ್ಚು ಹಾಕಬಹುದು. ಸಾಕೆಟ್ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಈಗ ಕೆಲವೆಡೆ ಉಳಿದ ಕಾಲನ್ನು ಸ್ಕ್ಯಾನ್ ಮಾಡಿ ತ್ರೀ-ಡಿ ಪ್ರಿಂಟರಿನಲ್ಲಿ ಸಾಕೆಟ್ ತೆಗೆಯುವ ಪ್ರಯತ್ನಗಳು ನಡೆದಿವೆ. ಪ್ಲಾಸ್ಟರಿನ ಗಲೀಜು ತಪ್ಪುತ್ತದೆ, ಅಳತೆ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಆದರೆ ಎಲ್ಲಿ ಮೂಳೆ ಚುಚ್ಚುತ್ತದೆ, ಎಲ್ಲಿ ಒತ್ತಿದರೆ ಸಹಿಸಬಲ್ಲರು ಎಂಬುದನ್ನು ಸ್ಕ್ಯಾನರ್ ಹೇಳುವುದಿಲ್ಲ. ಅದಕ್ಕೆ ಕೈಯಿಟ್ಟು ಮುಟ್ಟಿ ನೋಡುವ ಪರಿಣತರೇ ಬೇಕು.

ಹೊಸ ಮಂಡಿ ಹಾಕಿಸಿಕೊಂಡವರು ಊರಿಗೆ ಮರಳಿ, ಕೆಲ ವರ್ಷದ ಮೇಲೆ ಬುಷ್ ಸವೆದರೆ ಏನು ಮಾಡಬೇಕು? ಶಿಬಿರ ಮುಗಿಸಿದ ತಂಡ ಹೊರಟುಹೋಗಿರುತ್ತದೆ, ಬಿಡಿಭಾಗ ಮೆಡಿಕಲ್ ಷಾಪಿನಲ್ಲಿ ಸಿಗದು. ಕಂಡಕ್ಟರಿಗೆ ಪಾಸು ತೋರಿಸಿ ಜಿಲ್ಲಾ ಕೇಂದ್ರದವರೆಗೆ ಬಂದು ವಿಚಾರಿಸಿದರೆ ಅಲ್ಲಿಂದ ಬೆಂಗಳೂರಿನ ದಾರಿ ತೋರಿಸುತ್ತಾರೆ. ಹಾಗಾಗಿ ಮುಂದಿನ ಮಾದರಿ ರೂಪಿಸುವವರ ಪಟ್ಟಿಯಲ್ಲಿ ಈಗಲೇ ಸೇರಬೇಕಾದ ಸಾಲುಗಳು ಸರಳವಾಗಿವೆ: ಬುಷ್‌ನ ಅಳತೆ ಮಂಡಿಯ ಮೇಲೆಯೇ ಕೆತ್ತಿರಲಿ, ಬಿಚ್ಚಲು ಸೈಕಲ್ ಷಾಪಿನಲ್ಲಿರುವ ಸ್ಪಾನರ್ ಸಾಕಾಗಲಿ, ಒಂದು ಜೊತೆ ಹೆಚ್ಚುವರಿ ಬುಷ್ ಡಬ್ಬಿಯಲ್ಲೇ ಬರಲಿ.